ಅವ್ವನ ಪದಗಳು ಮತ್ತು ಒಂದು ಹಳೆಯ ಫ್ಲಾಪಿ



ಈ ಲೇಖನವನ್ನು ರೇಡಿಯೊದಲ್ಲಿ ಓದಿದಾಗ ಸಮಯ ಸಾಲದೆ ಕೆಲವು ಸಂಗತಿಗಳನ್ನು ಬಿಡಬೇಕಾಯಿತು. ಇನ್ನು ಕೆಲವನ್ನು ಬಾಯಿಂದ ಹೇಳಿದರೆ ತಿಳಿಯುವಂತಿರಲಿಲ್ಲ. ಅಕ್ಷರದ ಆಕಾರ ಕಿವಿಗೆ ಕಾಣುವುದಿಲ್ಲವಲ್ಲ! ಅಚ್ಚಿಗೆ ಕೊಡುವಾಗ ಅವನ್ನೂ ಸೇರಿಸಿದ್ದೇನೆ.

2023ರ ದೀಪಾವಳಿಗೆ ನಾರ್ವದ ನಮ್ಮ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಅದರಲ್ಲಿ ಹಳೆಯ ವಿಮಾ ಪಾಲಿಸಿಗಳ ಲಕೋಟೆ, ಲಕೋಟೆಯೊಳಗೆ ಒಂದು ಕಪ್ಪು ಫ್ಲಾಪಿ, ಫ್ಲಾಪಿಗೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿದ ಒಂದು ಕಾಗದ. ರಬ್ಬರ್ ಬ್ಯಾಂಡು ಮುಟ್ಟಿದರೆ ಪುಡಿಯಾಯಿತು. ಫ್ಲಾಪಿಯ ಮೇಲಿನ ಚೀಟಿಯಲ್ಲಿ ನನ್ನದೇ ಕೈಬರಹ: ‘ಅವ್ವನ ಪದ, 61, 1998.’

ಅವು ಬೀಸುವ ಕಲ್ಲಿನ ಪದಗಳು. ನಮ್ಮವ್ವ ಓದು ಬರಹ ತಿಳಿದವಳಲ್ಲ. ಆದರೆ ಬೆಳಗಿನ ಜಾವ ಜೋಳ ಬೀಸುತ್ತ ಕೂತಳೆಂದರೆ ಪದದ ಮೇಲೆ ಪದ ಬರುತ್ತಿದ್ದವು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಪದಗಳೂ ನಿಂತವು. 1998ರಲ್ಲಿ ಅವಳು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದಳು. ಆಗ ದಿನಕ್ಕೊಂದು ಎರಡು ಹೇಳಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 2001ರಲ್ಲಿ ಅವ್ವ ತೀರಿಕೊಂಡಳು. 2006ರ ಮಳೆಗಾಲದಲ್ಲಿ ಗೋಡೆಯ ಗೂಡಿಗೆ ಗೆದ್ದಲು ಹತ್ತಿ ನೋಟ್‌ಬುಕ್ಕು ಮಣ್ಣಾಯಿತು. ಹೀಗಾಗಿ ಆ ಫ್ಲಾಪಿ ಮತ್ತು ಅದಕ್ಕೆ ಸುತ್ತಿದ ಒಂದು ಹಾಳೆ, ಇಷ್ಟೇ ಉಳಿದದ್ದು. ಹಾಳೆಯಲ್ಲಿ ಪ್ರೂಫಿಗಾಗಿ ತೆಗೆಸಿದ ನಾಲ್ಕು ಪದಗಳಿದ್ದವು. ಉಳಿದ 57 ಫ್ಲಾಪಿಯೊಳಗೆ.

ಆ ಪದಗಳನ್ನು ಗಣಕದಲ್ಲಿ ಹಾಕಿಸಿದ್ದು ರಾಯಚೂರಿನ ಒಂದು ಡಿಟಿಪಿ ಅಂಗಡಿಯಲ್ಲಿ. ನಮ್ಮೂರಲ್ಲಿ ಆಗ ಗಣಕವೇ ಇರಲಿಲ್ಲ. ಮಕ್ತಲದಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ತೆಲುಗು, ಇಂಗ್ಲಿಷ್ ಮಾತ್ರ ಹೊಡೆಯುತ್ತಿದ್ದರು. ಕನ್ನಡ ಬೇಕೆಂದರೆ ಕೃಷ್ಣಾ ನದಿ ದಾಟಬೇಕು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. ಮಕ್ತಲ, ನಾರಾಯಣಪೇಟೆ ಕಡೆಯ ನಾವು ಮಹಬೂಬನಗರದಲ್ಲೇ ಉಳಿದೆವು. ಮುಂದೆ 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯ ಮಾತು ಎರಡೂ ಕೂಡಿದ್ದು. ಇದು ನಿಮಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಫ್ಲಾಪಿಯನ್ನು ನಾನು ಅಷ್ಟು ನಂಬಿದ್ದೇಕೆ ಎಂದು ನೀವು ಕೇಳಬಹುದು. ಅದು ಬ್ಯಾಂಕಿನಲ್ಲಿ ಬಂದ ನಂಬಿಕೆ. ನಾನು 1980ರಲ್ಲಿ ಗುಮಾಸ್ತನಾಗಿ ಸೇರಿದಾಗ ಎಲ್ಲವೂ ದಪ್ಪ ಲೆಡ್ಜರು, ಕಾರ್ಬನ್ ಕಾಗದ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಯಿತು. ಡಾ. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಆಮೇಲೆ ಶಾಖೆಗಳಿಗೆ ಎ.ಎಲ್.ಪಿ.ಎಂ. ಎಂಬ ಲೆಡ್ಜರು ಬರೆಯುವ ಯಂತ್ರಗಳು ಬಂದವು. ಕೆಲಸ ಹೋಗುತ್ತದೆಂದು ನಾವೂ ಘೋಷಣೆ ಕೂಗಿದವರೇ. ಕಡೆಗೆ ಅದೇ ಯಂತ್ರದ ಮುಂದೆ ಕೂತು ವರ್ಷಗಟ್ಟಲೆ ಕಳೆದೆ. ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲ. ಒಬ್ಬನೇ ಖಾತೆದಾರನ ಹೆಸರು ಮೂರು ಗುಮಾಸ್ತರ ಕೈಯಲ್ಲಿ ಮೂರು ಥರ ಆಗುತ್ತಿತ್ತು. ದಿನದ ಕೊನೆಗೆ ಆ ದಿನದ ಲೆಕ್ಕವನ್ನು ಫ್ಲಾಪಿಗೆ ಇಳಿಸಿ, ನಗದಿನ ಜೊತೆ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದೆವು. ತಿಜೋರಿಗೆ ಹೋದದ್ದು ಭದ್ರ ಎಂಬ ಭಾವನೆ ಹಾಗೆ ಬೇರೂರಿತು. ಆ ಫ್ಲಾಪಿಗಳನ್ನು ಮೇಲಿಂದ ಮೇಲೆ ಹೊಸದಕ್ಕೆ ನಕಲು ಮಾಡುತ್ತಿದ್ದೆವು ಎಂಬುದನ್ನು ಮಾತ್ರ ಮರೆತಿದ್ದೆ.

ಈಗ ಫ್ಲಾಪಿಯನ್ನು ತೆರೆದ ಕಥೆ. ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದುವ ಮಗಳ ಮಗ ರಜೆಗೆ ಬಂದಿದ್ದ. ಫ್ಲಾಪಿಯನ್ನು ಅವನು ಮೊದಲ ಸಲ ಕೈಯಲ್ಲಿ ಹಿಡಿದದ್ದು. ಸೋನಿ ಕಂಪನಿಯು ಜಪಾನಿನಲ್ಲಿ ಇವುಗಳ ಮಾರಾಟವನ್ನು 2011ರಲ್ಲೇ ನಿಲ್ಲಿಸಿತ್ತು. ಆದರೂ ಗಣಕಕ್ಕೆ ತಂತಿಯಿಂದ ಜೋಡಿಸುವ ಚಿಕ್ಕ ಫ್ಲಾಪಿ ಡ್ರೈವು ಈಗಲೂ ಸಿಗುತ್ತದೆ. ಅಂಚೆಯಲ್ಲಿ ತರಿಸಿದೆವು.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ, ಸಿಕ್ಕ ಕೂಡಲೇ ಡ್ರೈವಿಗೆ ತುರುಕಬೇಡಿ. ಮೊದಲು ಲೋಹದ ಮುಚ್ಚಳ ಸರಿಸಿ ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮದರಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು, ಅದು ಬೂಷ್ಟು. ಹಾಗೆಯೇ ತಿರುಗಿಸಿದರೆ ಡ್ರೈವಿನ ತಲೆಗೆ ಬೂಷ್ಟು ಅಂಟಿ ತಟ್ಟೆಯನ್ನು ಗೀರುತ್ತದೆ. ಔಷಧಿ ಅಂಗಡಿಯಿಂದ ತಂದ ಐಸೊಪ್ರೊಪೈಲ್ ಸ್ಪಿರಿಟ್ಟನ್ನು ಹತ್ತಿಯ ಕಡ್ಡಿಗೆ ಹಚ್ಚಿ, ತಟ್ಟೆಯನ್ನು ಬೆರಳಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎರಡೂ ಬದಿ ಒರೆಸಿದೆ. ಚೆನ್ನಾಗಿ ಆರಲು ಬಿಟ್ಟೆ. ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ತೂತು ಕಾಣುವಂತೆ ಮಾಡಿದೆ. ಹಾಗೆ ಮಾಡಿದರೆ ಓದಬಹುದು, ಬರೆಯಲಾಗದು. ಡ್ರೈವಿನ ಪರೀಕ್ಷೆಗೆ ಮೊದಲು ಒಂದು ಕೆಲಸಕ್ಕೆ ಬಾರದ ಫ್ಲಾಪಿ ಹಾಕಿ ನೋಡಿದೆವು.

ಮೂರೂವರೆ ಅಂಗುಲದ ಈ ಫ್ಲಾಪಿಯಲ್ಲಿ ಎರಡು ಬದಿ, ಬದಿಗೆ 80 ಸುತ್ತು, ಸುತ್ತಿಗೆ 18 ಮನೆ. ಒಟ್ಟು 2880 ಮನೆ. ಒಂದೊಂದು ಮನೆಯಲ್ಲಿ 512 ಅಕ್ಷರ. ಫೈಲನ್ನು ತೆರೆಯುವ ಗೋಜಿಗೇ ಹೋಗದೆ, 2880 ಮನೆಗಳನ್ನೂ ಇದ್ದದ್ದು ಇದ್ದಂತೆ ನಕಲು ಮಾಡುವುದು ಜಾಣತನ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಸುಲಭವಾಗಿ ಓದಿಸಿಕೊಳ್ಳುವ ಮನೆಗಳನ್ನು ಮೊದಲು ಎತ್ತಿಕೊಂಡು, ಹಟ ಹಿಡಿದವನ್ನು ಕಡೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಾಲ ವಸೂಲಿಗೆ ಹೋಗುವವರೂ ಹೀಗೇ ಮಾಡುತ್ತಾರೆ. ಮೊದಲ ಸುತ್ತಿನಲ್ಲಿ 14 ಮನೆಗಳು ಬಾಕಿ ಉಳಿದವು. ಮತ್ತೆ ಒರೆಸಿ, ಮರುದಿನ ಬೆಳಿಗ್ಗೆ ಮತ್ತೆ ಹಾಕಿದಾಗ ಒಂದು ಮನೆ ಬಿಟ್ಟು ಎಲ್ಲ ಬಂದವು.

ಗೆದ್ದೆವೆಂದು ಫೈಲು ತೆರೆದೆವು. ಅಂಗಡಿಯಾತ ಪುಟದ ಅಳತೆ, ಅಂಚುಗಳ ಗೊಡವೆಯಿಲ್ಲದೆ ಸಾದಾ ಬರಹವಾಗಿ ಉಳಿಸಿದ್ದ, ಅದೊಂದು ಪುಣ್ಯ. ಆದರೆ ಪರದೆಯ ಮೇಲೆ ಬಂದದ್ದು ಕನ್ನಡವಲ್ಲ. ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಪ್ರಶ್ನಾರ್ಥಕ ಚಿಹ್ನೆ ತಲೆಕೆಳಗಾದದ್ದು. ಮೊಮ್ಮಗ ಹೇಳಿದ, “ತಾತಾ, ಇದು ಯಾವುದೋ ಬೇರೆ ದೇಶದ ಭಾಷೆ.” ಫ್ಲಾಪಿ ಕೆಟ್ಟಿರಲಿಲ್ಲ, ಫೈಲೂ ಕೆಟ್ಟಿರಲಿಲ್ಲ. ಹಾಗಿದ್ದರೆ ಕೆಟ್ಟದ್ದೇನು? ಇದನ್ನು ತಿಳಿಯಲು ಕನ್ನಡ ಅಕ್ಷರಗಳು ಗಣಕದೊಳಗೆ ಹೊಕ್ಕ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದವರು ಅನಂತಸುಬ್ಬರಾಯರು. ಇದ್ದ ಕೆಲವೇ ಕೀಲಿಗಳಲ್ಲಿ ನಮ್ಮ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಕೂರಿಸಬೇಕಿತ್ತು. ಆದ್ದರಿಂದ ಅಕ್ಷರವನ್ನು ಒಡೆದು ಚೂರು ಮಾಡಿದರು: ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಚೂರುಗಳನ್ನು ಕಾಗದದ ಮೇಲೆ ಜೋಡಿಸಿದರೆ ಅಕ್ಷರ. ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ನಾವೆಲ್ಲ ಕೇಳಿರುವ ಕೆ.ಪಿ. ರಾವ್ ಅವರು, ಬೇರೆ ದಾರಿ ಹಿಡಿದರು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಉಚ್ಚಾರದ ಕ್ರಮದಲ್ಲಿ ಬೆರಳಚ್ಚಿಸುವ ಕೀಲಿಮಣೆ ಅವರದು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನೂ ಮಾಡಿ ಜನರಿಗೆ ಹಾಗೇ ಕೊಟ್ಟರು. ಈಗ ನಾವು ಬಳಸುವ ಪ್ರಚಲಿತ ಕೀಲಿಮಣೆಯ ಮೂಲ ಅದೇ. ಅದಕ್ಕೆ ಅವರು ಹಣ ಕೇಳಲಿಲ್ಲ. ಕೇಳಿದ್ದರೆ ನಮ್ಮಂಥವರ ಗತಿ ಏನಾಗುತ್ತಿತ್ತೋ.

ಆದರೆ ಕೀಲಿಮಣೆ ಬೇರೆ, ಒಳಗೆ ಅಕ್ಷರವನ್ನು ಕೂಡಿಡುವ ರೀತಿ ಬೇರೆ. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬ ಪಟ್ಟಿ ಬೇಕು. ಭಾರತದ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡುವ ‘ಇಸ್ಕಿ’ ಎಂಬ ಶಿಷ್ಟತೆಯನ್ನು ಸರ್ಕಾರ 1991ರಲ್ಲಿ ಅಂಗೀಕರಿಸಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಕೊಡುವ ‘ಯೂನಿಕೋಡ್’ ಮೊದಲ ಆವೃತ್ತಿಯೂ 1991ರದೇ, ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಆದರೆ ಅಂಗಡಿಗಳಲ್ಲಿ ಇದ್ದ ವಿಂಡೋಸ್ ಯಂತ್ರಗಳಿಗೆ ಆ ಅಂಕಿಗಳಿಂದ ಕನ್ನಡ ಅಕ್ಷರ ಕಟ್ಟಿ ತೋರಿಸುವ ವಿದ್ಯೆ ಇರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆ ‘ತುಂಗಾ’ ಎಂಬ ಕನ್ನಡ ಅಕ್ಷರಜೋಡಣೆ ಬಂತು.

1991ರಿಂದ 2001, ಹತ್ತು ವರ್ಷ. ಈ ಹತ್ತು ವರ್ಷಗಳ ಸಂದಿಯಲ್ಲೇ ಕನ್ನಡದ ಡಿಟಿಪಿ ಅಂಗಡಿಗಳು ಊರೂರಿಗೆ ಬಂದವು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಕವನ ಸಂಕಲನ ಎಲ್ಲವೂ ಅಲ್ಲೇ. ಅವರೆಲ್ಲ ಮಾಡಿದ್ದು ಟೈಪ್‌ರೈಟರಿನ ಉಪಾಯವನ್ನೇ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮೇಲೆ ಕನ್ನಡದ ಚೂರುಗಳ ಚಿತ್ರ ಕೂರಿಸಿದರು. ಗಣಕ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದೇ ತಿಳಿದಿರುತ್ತದೆ, ನಮಗೆ ಕನ್ನಡ ಕಾಣುತ್ತದೆ. ಮುಂದೆ ಪ್ರಸಿದ್ಧವಾದ ‘ನುಡಿ’ಯ ಹಳೆಯ ಫೈಲಿನಲ್ಲಿ ‘ಕನ್ನಡ’ ಎಂಬ ಪದ ಹೇಗಿದೆ ನೋಡಿ. ಮೊದಲು ದೊಡ್ಡಕ್ಷರದ ‘ಪಿ’. ಅದು ತಲೆಕಟ್ಟಿಲ್ಲದ ಕ. ಆಮೇಲೆ ತಲೆಯ ಮೇಲೆ ಗೀಟಿರುವ ‘ಎ’, ಅದು ತಲೆಕಟ್ಟು. ಆಮೇಲೆ ಪೌಂಡಿನ ಗುರುತು. ಅದು ತಲೆಕಟ್ಟಿಲ್ಲದ ನ. ಮತ್ತೆ ತಲೆಕಟ್ಟು, ಆಮೇಲೆ ಜರ್ಮನ್ ಭಾಷೆಯ ಜೋಡಿ ‘ಎಸ್’. ಅದು ನ ಒತ್ತು. ಚಿಕ್ಕಕ್ಷರದ ‘ಕ್ಯೂ’, ಮತ್ತೆ ತಲೆಕಟ್ಟು. ಎರಡೂ ಸೇರಿ ಡ. ಒಟ್ಟು ಏಳು ಚೂರು. ಅದೇ ಪದ ಯೂನಿಕೋಡಿನಲ್ಲಿ ಐದೇ ಅಂಕಿ: ಕ, ನ, ಅರ್ಧಾಕ್ಷರದ ಗುರುತು, ನ, ಡ. ನಾನು ವಿದೇಶಿ ಡ್ರಾಫ್ಟಿನಲ್ಲಿ ಮಾತ್ರ ಕಂಡಿದ್ದ ಪೌಂಡು ಕನ್ನಡದ ಹೊಟ್ಟೆಯಲ್ಲಿ ಕೂತದ್ದು ನೋಡಿ ನಗು ಬಂತು.

ತೊಂದರೆ ಏನೆಂದರೆ ಒಂದೊಂದು ತಂತ್ರಾಂಶದ್ದೂ ಒಂದೊಂದು ಪಟ್ಟಿ. ಶ್ರೀಲಿಪಿಯದು ಒಂದು, ಆಕೃತಿಯದು ಇನ್ನೊಂದು, ಪ್ರಕಾಶಕದ್ದು ಮತ್ತೊಂದು. ಶೇಷಾದ್ರಿವಾಸು ಅವರ ಉಚಿತ ತಂತ್ರಾಂಶ ‘ಬರಹ’ ಬಂದದ್ದು 1998ರಲ್ಲಿ. ಕರ್ನಾಟಕ ಸರ್ಕಾರ ಕೀಲಿಮಣೆಗೂ ಚೂರುಗಳಿಗೂ ಶಿಷ್ಟತೆ ಗೊತ್ತುಮಾಡಿದ್ದು 2000ದಲ್ಲಿ. ಅದರ ಮೇಲೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕಟ್ಟಿತು. ನುಡಿ, ಬರಹಗಳ ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಬರೆದು ಪುಕ್ಕಟೆ ಕೊಟ್ಟಿದ್ದಾರೆ. ನಿಮ್ಮದು ಅಂಥ ಫೈಲಾದರೆ ನಿಮಿಷದ ಕೆಲಸ. ನಮ್ಮದು ಅದಕ್ಕೂ ಹಿಂದಿನದು. ಪರಿವರ್ತಕಕ್ಕೆ ಹಾಕಿದರೆ ಬಂದದ್ದು ಬರೀ ಒತ್ತು, ಕೊಂಬುಗಳ ರಾಶಿ. ರಾಯಚೂರಿಗೆ ಹೋಗಿ ವಿಚಾರಿಸಿದೆ. ಅಂಗಡಿಯ ಜಾಗದಲ್ಲಿ ಮೊಬೈಲು ಅಂಗಡಿಯಿತ್ತು.

ಆಗ ನೆನಪಾದದ್ದು ಫ್ಲಾಪಿಗೆ ಸುತ್ತಿದ್ದ ಆ ಒಂದು ಹಾಳೆ. ನಾಲ್ಕು ಪದಗಳು ಕನ್ನಡದಲ್ಲಿ ಅಚ್ಚಾಗಿ ಕೈಯಲ್ಲಿವೆ. ಅದೇ ನಾಲ್ಕು ಪದಗಳು ಫೈಲಿನ ಮೊದಲಲ್ಲಿ ಚೂರುಗಳಾಗಿ ಇವೆ. ಎರಡನ್ನೂ ಎದುರು ಬದುರು ಇಟ್ಟು ತಾಳೆ ನೋಡುವುದಷ್ಟೇ. ಮೂವತ್ತೊಂಬತ್ತು ವರ್ಷ ನಾನು ಮಾಡಿದ್ದು ಅದೇ ಕೆಲಸವಲ್ಲವೇ? ಉದ್ದನೆಯ ಲೆಕ್ಕದ ಪುಸ್ತಕ ತಂದು ಎಡಗಡೆ ಗುರುತು, ಬಲಗಡೆ ಕನ್ನಡದ ಚೂರು ಬರೆಯುತ್ತ ಹೋದೆ. ದಿನಕ್ಕೆ ಎರಡು ಗಂಟೆ, ಹನ್ನೊಂದು ದಿನ. 90ಕ್ಕೂ ಹೆಚ್ಚು ಗುರುತುಗಳು ಇತ್ಯರ್ಥವಾದವು.

ಆ ಪಟ್ಟಿಯನ್ನು ಮೊಮ್ಮಗ ಗಣಕಕ್ಕೆ ಹಾಕಿ ಒಂದೊಂದಾಗಿ ಬದಲಿಸಲು ಹೇಳಿದ. ಮೊದಲ ಸಲ ಬಂದ ಫಲ ನೋಡಿದರೆ ಮಗಳು ಎಂದಿರಬೇಕಾದಲ್ಲಿ ‘ವುಗಳು’, ಮನಿ ಎಂದಿರಬೇಕಾದಲ್ಲಿ ‘ವುನಿ’. ಕಾರಣ ಹುಡುಕಿದಾಗ ತಿಳಿಯಿತು. ಮ ಅಕ್ಷರಕ್ಕೆ ಆ ಜನ ಬೇರೆ ಚಿತ್ರ ಮಾಡಿರಲಿಲ್ಲ. ವ ಬರೆದು ಪಕ್ಕಕ್ಕೊಂದು ಕೊಂಬಿನಂಥ ಬಾಲ ಹಚ್ಚಿದ್ದರು. ನುಡಿಯಲ್ಲೂ ಹೀಗೇ ಇದೆ. ಮೊದಲು ವ ಬದಲಿಸಿಬಿಟ್ಟರೆ ಬಾಲ ಒಂಟಿಯಾಗಿ ಕೊಂಬಾಗುತ್ತದೆ. ಆದ್ದರಿಂದ ದೊಡ್ಡ ಗುಂಪುಗಳನ್ನು ಮೊದಲು, ಬಿಡಿ ಚೂರುಗಳನ್ನು ಆಮೇಲೆ ಬದಲಿಸಬೇಕು. ಇನ್ನೊಂದು ಪೇಚು ಅರ್ಕಾವತ್ತಿನದು. ‘ಸೂರ್ಯ’ ಎಂದು ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಹಳೆಯ ಫೈಲಿನಲ್ಲಿ ಅದೇ ಕ್ರಮ. ಯೂನಿಕೋಡು ನಾಲಿಗೆಯ ಕ್ರಮ ಹಿಡಿಯುತ್ತದೆ. ಮೊದಲು ರ, ಆಮೇಲೆ ಯ. ಪ್ರತಿಯೊಂದು ಅರ್ಕಾವತ್ತನ್ನೂ ಒಂದು ಮನೆ ಹಿಂದಕ್ಕೆ ಸರಿಸಬೇಕಾಯಿತು. ಅವ್ವನ ಪದಗಳಲ್ಲಿ ಅರ್ಕಾವತ್ತು ಬಹಳ ಇರಲಿಲ್ಲ ಎನ್ನಿ. ‘ಸೂರ್ಯ’ನೂ ಅವಳ ಬಾಯಲ್ಲಿ ಸೂರಪ್ಪ.

ನಾಲ್ಕನೆಯ ಸಲಕ್ಕೆ ಪದಗಳು ಕನ್ನಡದಲ್ಲಿ ನಿಂತವು. ಅವ್ವ ಸತ್ತ ಇಪ್ಪತ್ತೆರಡು ವರ್ಷಕ್ಕೆ ಅವಳ ಮಾತು ಪರದೆಯ ಮೇಲೆ ಸಾಲಾಗಿ ಮೂಡಿತು. ಮೊಮ್ಮಗನ ಎದುರು ಕಣ್ಣು ಒರೆಸಿಕೊಳ್ಳಲು ನಾಚಿಕೆಯಾಗಿ ಚಹಾ ತರುವ ನೆಪದಲ್ಲಿ ಒಳಗೆ ಹೋದೆ.

ಆದರೂ ಒಂಬತ್ತು ಗುರುತು ಬಾಕಿ ಉಳಿದಿದ್ದವು. ಪ್ರೂಫಿನ ಹಾಳೆಯಲ್ಲಿ ಬಾರದ ಅಕ್ಷರಗಳು ಅವು. ಅಕ್ಕಪಕ್ಕದ ಅಕ್ಷರ ನೋಡಿ ಐದನ್ನು ಊಹಿಸಿದೆ. ಒಂದು ಕಡೆ ತಡೆಯಿತು. ಅಣ್ಣ ತವರಿನಿಂದ ತಂಗಿಯನ್ನು ಕರೆಯಲು ಬರುವ ಪದ ಅದು. ಅವನ ಹೆಗಲ ಮೇಲೆ ಏನೋ ಇದೆ. ಆ ಏನೋ ಎಂಬುದರ ಕೊನೆಗೆ ‘ಂಗಡಿ’ ಎಂದಿದೆ, ಮೊದಲ ಅಕ್ಷರಕ್ಕೆ ಒಕಾರ ಹತ್ತಿದೆ, ಅಕ್ಷರ ಯಾವುದೋ ತಿಳಿಯದು. ಹೆಗಲ ಮೇಲೆ ಅಂಗಡಿ ಹೊತ್ತು ಯಾರು ಬರುತ್ತಾರೆ? ರಾಯಚೂರು ತಾಲ್ಲೂಕಿನ ಹಳ್ಳಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ ಆ ಸಾಲನ್ನು ಓದಿದೆ. ಅಕ್ಕ ಎಪ್ಪತ್ತೈದು ದಾಟಿದವಳು, ಕಿವಿ ಮಂದ. ಎರಡನೆಯ ಸಲ ಜೋರಾಗಿ ಓದುವಷ್ಟರಲ್ಲಿ ತಡೆದಳು.

“ಅದ್ಯಾಕ ತಿಳೀವಲ್ದೋ ತಮ್ಮಾ ನಿನಗ? ಘೊಂಗಡಿ! ಕುರುಬರು ನೇಯ್ತಾರಲ್ಲ, ಆ ಘೊಂಗಡಿ. ಅವ್ವ ಹಂಗೇ ಒತ್ತಿ ಹಾಡ್ತಿದ್ಲು.”

ಕಂಬಳಿ. ತೆಲುಗಿನಲ್ಲಿ ಗೊಂಗಡಿ, ಮರಾಠಿಯಲ್ಲಿ ಘೋಂಗಡಿ. ಗ ನನ್ನ ಪಟ್ಟಿಯಲ್ಲಿ ಮೊದಲೇ ಇತ್ತಾದ್ದರಿಂದ ಈ ಗುರುತು ಬೇರೆಯದೆಂದು ಗೊಂಗಡಿಯ ಕಡೆಗೆ ನನ್ನ ಬುದ್ಧಿ ಹೋಗಿರಲಿಲ್ಲ. ಅವ್ವ ಒತ್ತಿ ಹೇಳಿದ್ದನ್ನು 1998ರಲ್ಲಿ ನಾನು ಘ ಎಂದೇ ಬರೆದುಕೊಂಡಿದ್ದೆ, ಅಂಗಡಿಯಾತ ಹಾಗೇ ಹೊಡೆದಿದ್ದ. ಗುರುತು ಘ ಎಂದು ತಿಳಿದ ಕೂಡಲೇ ಇನ್ನೂ ಮೂರು ಕಡೆ ಬಾಗಿಲು ತೆರೆಯಿತು. ಒಂದು ಕಡೆ ಘಳಿಗಿ, ಎರಡು ಕಡೆ ಮಲ್ಲಿಗೆಯ ಘಮ. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಫೋನಿನಲ್ಲೇ ಆ ಪದವನ್ನು ಕೊನೆಯವರೆಗೆ ಹಾಡಿದಳು. ನನ್ನ ಫೈಲಿನಲ್ಲಿ ಇಲ್ಲದ ಎರಡು ಸಾಲು ಅವಳಲ್ಲಿದ್ದವು. ಅವನ್ನು ಬೇರೆ ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು ಸಂಗತಿ, ನಮ್ಮ ಗಡಿಯವರಿಗೆ ವಿಶೇಷವಾದದ್ದು. ಮೊಮ್ಮಗ ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಓದಿದ್ದು ತೆಲುಗು, ಇಂಗ್ಲಿಷ್. ಪದಗಳನ್ನು ನಾನೇ ಓದಿ ಹೇಳಬೇಕಿತ್ತು. ಯೂನಿಕೋಡಿನ ಪಟ್ಟಿಯಲ್ಲಿ ತೆಲುಗಿಗೆ ಕೊಟ್ಟ ಜಾಗ 3072ರಿಂದ 3199, ಕನ್ನಡಕ್ಕೆ 3200ರಿಂದ 3327. ನಡುವೆ ಒಂದು ಗೇಣು ಬೀಳು ಭೂಮಿ ಇಲ್ಲ. ಇಸ್ಕಿಯಲ್ಲಿ ಎಲ್ಲ ಲಿಪಿಗಳಿಗೂ ಒಂದೇ ಕ್ರಮವಿದ್ದುದರಿಂದ ಇಲ್ಲಿಯೂ ಅಕ್ಷರಗಳು ಅದೇ ಕ್ರಮದಲ್ಲಿ ಕೂತಿವೆ. ತೆಲುಗಿನ ಕ 3093, ಕನ್ನಡದ ಕ 3221. ವ್ಯತ್ಯಾಸ 128. ಯಾವ ಅಕ್ಷರ, ಕಾಗುಣಿತ ತೆಗೆದುಕೊಂಡರೂ ಹೆಚ್ಚುಕಡಿಮೆ ಅದೇ 128. ಕನ್ನಡದ ಪ್ರತಿ ಅಂಕಿಯಿಂದ 128 ಕಳೆದರೆ ಇಡೀ ಪದ ತೆಲುಗು ಲಿಪಿಗೆ ಬರುತ್ತದೆ, ಮಾತು ಕನ್ನಡವೇ ಇರುತ್ತದೆ. ಮೊಮ್ಮಗ ಅರ್ಧ ಗಂಟೆಯಲ್ಲಿ ಮಾಡಿದ. ಆ ರಾತ್ರಿ ತನ್ನ ಮುತ್ತಜ್ಜಿಯ ಪದಗಳನ್ನು ತೆಲುಗು ಅಕ್ಷರದಲ್ಲಿ ನೋಡುತ್ತ ಕನ್ನಡದಲ್ಲಿ ತಾನೇ ಓದಿದ. ಕನ್ನಡ ಲಿಪಿ ಕಲಿಸದ ತಪ್ಪು ನಮ್ಮದು, ಅದನ್ನು ಕಳೆಯುವ ಲೆಕ್ಕದಿಂದ ತೀರಿಸಲಾಗದು. ಆದರೂ ಓದಿದನಲ್ಲ.

ಈಗ ಪದಗಳನ್ನು ಮೂರು ಕಡೆ ಇಟ್ಟಿದ್ದೇವೆ: ಮೊಮ್ಮಗನ ಗಣಕದಲ್ಲಿ, ಮಗಳ ಫೋನಿನಲ್ಲಿ, ಕಾಗದದ ಮೇಲೆ ಎರಡೂ ಲಿಪಿಯಲ್ಲಿ. ಪ್ರತಿ ದೀಪಾವಳಿಗೆ ತೆಗೆದು ನೋಡುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಪ್ರೂಫಿನ ಹಾಳೆ, ಫ್ಲಾಪಿ, ನನ್ನ ಗುರುತುಗಳ ಲೆಕ್ಕದ ಪುಸ್ತಕ ಮೂರೂ ಅದೇ ಟ್ರಂಕಿನಲ್ಲಿವೆ, ಬೇವಿನ ಎಲೆ ಹಾಕಿ.

ಓದಿಸಿಕೊಳ್ಳದ ಆ ಒಂದು ಮನೆ ಕಡೆಗೂ ಬರಲಿಲ್ಲ. ಅದು 43ನೆಯ ಪದದ ನಡುವಿನ ಭಾಗ, 512 ಚೂರು. ತೊಟ್ಟಿಲ ಪದವಿರಬೇಕು, ಮೊದಲಲ್ಲಿ ಕೂಸನ್ನು ಮಲಗಿಸುತ್ತಾಳೆ, ಕೊನೆಯಲ್ಲಿ ಹೊಲಕ್ಕೆ ಹೊರಡುತ್ತಾಳೆ. ನಡುವೆ ಏನಾಯಿತೋ ಅಕ್ಕನಿಗೂ ನೆನಪಿಲ್ಲ. ಇನ್ನು ಮೂರು ಗುರುತುಗಳು ಯಾವ ಅಕ್ಷರವೆಂದು ಗೊತ್ತಾಗಿಲ್ಲ. ಬ್ಯಾಂಕಿನಲ್ಲಿ ಯಾರದೆಂದು ತಿಳಿಯದ ಹಣ ಬಂದರೆ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ದಿನಾಂಕ ಬರೆದು, ಹಕ್ಕುದಾರ ಬರುವವರೆಗೆ ಕಾಯುತ್ತಿದ್ದೆವು. ಆ ಮೂರು ಗುರುತುಗಳ ಜಾಗದಲ್ಲಿ ಚಿಕ್ಕ ಚೌಕ ಬರೆದು, 43ನೆಯ ಪದದ ನಡುವೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.